ಹದಿನೆಂಟು ಪೈಪುಗಳಲ್ಲಿ ಎರಡು

ಜುಲೈ 13, ಭಾನುವಾರ

ಬೆಳಗಿನ ಗಾಳಿಗೆ ಆಂಟೆನಾದ ಬಿದಿರು ಮುರಿಯಿತು. ನಡುವಿಗೆ ಸರಿಯಾಗಿ ಎರಡು ತುಂಡು. ತಂತಿ ಪಕ್ಕದ ಮನೆಯ ನುಗ್ಗೆಮರದ ಮೇಲೆ ಜೋತಾಡುತ್ತಿತ್ತು. ಲಕ್ಕವಳ್ಳಿಯಿಂದ ಆರಿಸಿ ತಂದ ಬಿದಿರು, ಎರಡು ವರ್ಷ ಬಾಳಿತು. ಆಷಾಢದಲ್ಲಿ ಅಜ್ಜಂಪುರದ ಗಾಳಿ ಹಂಚನ್ನೇ ಬಿಡುವುದಿಲ್ಲ. ಬಿದಿರಿನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಏಳು ಗಂಟೆಯ ರೇಡಿಯೋ ನೆಟ್ ತಪ್ಪಿತು. ದಿನಾ ಬೆಳಿಗ್ಗೆ ಏಳಕ್ಕೆ ನಾವು ಹ್ಯಾಮ್ ರೇಡಿಯೋದವರು, ಮನೆಯಿಂದಲೇ ರೇಡಿಯೋದಲ್ಲಿ ಮಾತಾಡುವ ಹವ್ಯಾಸಿಗಳು, ಮೂವತ್ತು ನಲವತ್ತು ಜನ ಒಂದೇ ತರಂಗಾಂತರದಲ್ಲಿ ಸೇರುತ್ತೇವೆ. ಒಬ್ಬರು ಹಾಜರಿ ಕರೆಯುತ್ತಾರೆ, ಉಳಿದವರು ಸರದಿಯ ಮೇಲೆ ಮಾತಾಡುತ್ತಾರೆ. ಅಕ್ಟೋಬರಿನಿಂದ ಭಾನುವಾರದ ಹಾಜರಿ ನಾನು ಕರೆಯಬೇಕೆಂದು ಹೋದ ವಾರವಷ್ಟೇ ತೀರ್ಮಾನವಾಗಿದೆ. ಹಾಜರಿ ಕರೆಯುವವರ ದನಿ ಎಲ್ಲರಿಗೂ ಕೇಳಿಸಬೇಕು. ಅಂದರೆ ಗಟ್ಟಿ ಕಂಬ ಬೇಕು, ನಲವತ್ತಡಿಯದ್ದು.

ನನ್ನ ಗಂಡ ರಾಜಶೇಖರ್ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದು ಮುರಿದ ಬಿದಿರನ್ನು ನೋಡಿದರು. "ಒಳ್ಳೇದಾಯ್ತು ಬಿಡು. ಬೀದಿಯೋರು ಬಂದು ಕೇಬಲ್ ಟೀವಿ ಕನೆಕ್ಷನ್ ಕೇಳೋದು ತಪ್ತು" ಎಂದರು. ಇಪ್ಪತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತ ಮನುಷ್ಯ. ಸುದ್ದಿ ಮನೆಬಾಗಿಲಿಗೆ ಬರಬೇಕೇ ಹೊರತು ಗಾಳಿಯಿಂದ ಹಿಡಿಯಬಾರದೆಂಬುದು ಅವರ ನಂಬಿಕೆ.

ರೇಡಿಯೋದ ಲಾಗ್ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಅದರಲ್ಲಿ ಸಮಯ, ತರಂಗಾಂತರ, ದನಿ ಎಷ್ಟು ಬಲವಾಗಿತ್ತು ಎಂಬುದಕ್ಕೆ ಬಿಟ್ಟರೆ ಬೇರೇನಕ್ಕೂ ಜಾಗವಿಲ್ಲ. ಕಂಬದ ಕಥೆಗೆ ಈ ನೋಟ್‌ಬುಕ್ಕು.

ಜುಲೈ 20, ಭಾನುವಾರ

ನಿನ್ನೆ ಕಾಲೇಜು ಮುಗಿಸಿ ತರೀಕೆರೆಯಲ್ಲೇ ಗುಜರಿ ಅಂಗಡಿಗೆ ಹೋದೆ. ಹಳೇ ಟವರೊಂದರ ಕಬ್ಬಿಣದ ಪಟ್ಟಿಗಳಿವೆ ಎಂದು ಲ್ಯಾಬಿನ ಅಟೆಂಡರ್ ಹೇಳಿದ್ದ. ಇದ್ದವು, ಆದರೆ ಗ್ಯಾಸಿನಲ್ಲಿ ಮನಸ್ಸಿಗೆ ಬಂದಂತೆ ಕತ್ತರಿಸಿದ್ದರು. ಒಂದೂ ಎಂಟಡಿಗಿಂತ ಉದ್ದವಿಲ್ಲ. ಫಿಸಿಕ್ಸ್ ಮೇಡಂ ಗುಜರಿಯಲ್ಲಿ ಟೇಪು ಹಿಡಿದು ಅಳೆಯುವುದನ್ನು ನೋಡಲು ನನ್ನ ಇಬ್ಬರು ವಿದ್ಯಾರ್ಥಿನಿಯರು ಬೀದಿಯಲ್ಲೇ ನಿಂತುಬಿಟ್ಟರು.

ಇವತ್ತು ಕಡೂರು. ಪೈಪಿನ ಅಂಗಡಿಯಲ್ಲಿ ತೆಳು ಪೈಪು ಮಾತ್ರ ಇತ್ತು. ನಲವತ್ತಡಿ ನಿಲ್ಲಿಸಿದರೆ ಗಾಳಿಗೆ ಬಾಗುತ್ತದೆ. ದಪ್ಪ ಗೋಡೆಯದು ಬೇಕೆಂದರೆ ತರಿಸಬೇಕು, ಲೋಡು ಬರುವವರೆಗೆ ಕಾಯಬೇಕು, ಯಾವಾಗ ಎಂದು ಹೇಳಲಾಗದು ಎಂದರು. ಅಂಗಡಿಯವರು ಇನ್ನೊಂದು ಮಾತು ಹೇಳಿದರು: "ಹಳೇ ಬೋರಲ್ಲಿ ಇಳಿಬಿಟ್ಟಿರ್ತಾರಲ್ಲ ಮೇಡಂ, ಆ ಪೈಪು ನೋಡಿ. ಆಗಿನ ಮಾಲು. ಅಂಥ ದಪ್ಪ ಈಗ ಬರಲ್ಲ."

ಬಸ್ಸಿನಲ್ಲಿ ಬರುತ್ತ ನೆನಪಾಯಿತು. ನನ್ನ ತವರು ಯಗಟಿಯ ಹೊಲದಲ್ಲಿ ಅಪ್ಪ ಕೊರೆಸಿದ ಬೋರು ಬತ್ತಿ ಏಳು ವರ್ಷವಾಯಿತು. ಮೋಟಾರು, ಪೈಪು ಎಲ್ಲ ಅದರೊಳಗೇ ಇವೆ.

ಆಗಸ್ಟ್ 3, ಭಾನುವಾರ

ಲೆಕ್ಕ ಹಾಕಿದೆ. ಇಪ್ಪತ್ತಡಿಯ ಎರಡು ಪೈಪು, ನಡುವೆ ಜೋಡಿಸಲು ಕಪ್ಲಿಂಗು. ಕಪ್ಲಿಂಗಿನ ಜಾಗವೇ ದುರ್ಬಲ, ಅಲ್ಲಿಗೆ ಒಳಗಿನಿಂದ ಮೂರಡಿಯ ಸರಳು ತೂರಿಸಬೇಕು. ಎರಡು ಎತ್ತರದಲ್ಲಿ ನಾಲ್ಕು ದಿಕ್ಕಿಗೆ ತಂತಿ ಬಿಗಿ. ಬುಡಕ್ಕೆ ಮೂರಡಿ ಕಾಂಕ್ರೀಟು.

ಅಪ್ಪನ ಬೋರಿನಲ್ಲಿ ಹದಿನೆಂಟು ಪೈಪುಗಳಿವೆ. ನನಗೆ ಬೇಕಾಗಿರುವುದು ಎರಡು.

ಅಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಪಂಕಜಾಕ್ಷಿ ಅಕ್ಕ ಹತ್ತನೇ ತರಗತಿ ಮುಗಿಸಿ ಹೊಲಕ್ಕೆ ಇಳಿದಳು. ನನ್ನನ್ನು ಚಿಕ್ಕಮಗಳೂರಿನ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಸೇರಿಸಿದರು. ಗಂಡುಮಕ್ಕಳಿಲ್ಲವೆಂದು ಅಕ್ಕನಿಗೆ ಬಸವರಾಜಪ್ಪ ಭಾವನನ್ನು ಮನೆಅಳಿಯನಾಗಿ ತಂದರು. ಇಪ್ಪತ್ತೇಳು ವರ್ಷದಿಂದ ಹೊಲ ಮಾಡುತ್ತಿರುವವರು ಅವರು. ಆದರೂ ಅಪ್ಪ ತೀರಿಕೊಂಡ ಮೇಲೂ ಅದು ನನ್ನ ಬಾಯಲ್ಲಿ ಇವತ್ತಿಗೂ ಅಪ್ಪನ ಹೊಲ, ಅಪ್ಪನ ಬೋರು.

ಆಗಸ್ಟ್ 26, ಮಂಗಳವಾರ, ಗೌರಿ ಹಬ್ಬ

ಯಗಟಿಗೆ ಹೋಗಿಬಂದೆ. ಭಾವ ಇರಲಿಲ್ಲ. ಗೌರಿ ಹಬ್ಬದ ದಿನ ಅವರು ಹಿರೇನಲ್ಲೂರಿನ ತಮ್ಮ ಅಣ್ಣನ ಮನೆಗೆ ಹೋಗುತ್ತಾರೆ. ಅಕ್ಕತಂಗಿಯರ ಹಬ್ಬದಲ್ಲಿ ತನಗೇನು ಕೆಲಸ ಎಂದು.

ಹೋಳಿಗೆ ಊಟವಾಯಿತು. ಅಕ್ಕ ನನ್ನ ಸೆರಗಿಗೆ ಮಡಿಲಕ್ಕಿ ಹಾಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಇಟ್ಟಳು. ಅವಳು ಕೈ ತೆಗೆಯುವ ಮೊದಲೇ ಕೇಳಿದೆ. "ಅಕ್ಕ, ಬೋರಿನ ಪೈಪು ಸುಮ್ನೆ ತುಕ್ಕು ಹಿಡೀತಿದಾವಲ್ಲ, ನಂಗೆ ಎರಡು ಬೇಕಿತ್ತು."

"ಪೈಪಾ? ಯಾವ್ದಕ್ಕೇ?"

"ರೇಡಿಯೋ ಕಂಬಕ್ಕೆ."

"ಅದ್ರಾಗೆ ಮೋಟ್ರು ಐತಲ್ಲೇ."

"ನೀರಿಲ್ಲದ ಬೋರಿಗೆ ಮೋಟ್ರು ಇದ್ದು ಏನು ಮಾಡುತ್ತೆ?"

"ಇನ್ನೊಂದ್ ವರ್ಷ ನೋಡಣ ಅಂತಾರೆ ನಿಮ್ ಭಾವ. ಕೆರೆ ತುಂಬಿದ್ರೆ ಬಂದ್ರೂ ಬಂತು ಅಂತ."

ನಾನು ಅವಳಿಗೆ ಅಂತರ್ಜಲದ ಬಗ್ಗೆ ಹೇಳಿದೆ. ನೀರಿನ ಮಟ್ಟ ಎಷ್ಟು ಕೆಳಗೆ ಹೋಗಿದೆ, ಒಂದು ಮಳೆಗಾಲಕ್ಕೆ ಅದು ಯಾಕೆ ಮೇಲೆ ಬರುವುದಿಲ್ಲ, ಎಲ್ಲವನ್ನೂ ತರಗತಿಯಲ್ಲಿ ಹೇಳುವ ಹಾಗೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಅರಿಶಿನದ ಕೈ ಸೆರಗಿಗೆ ಒರೆಸಿಕೊಂಡು, "ನೀನು ಓದಿದೋಳು, ನಿಂಗ್ ಗೊತ್ತಿರ್ತದೆ" ಎಂದಳು. ಆಮೇಲೆ, "ಹಬ್ಬದ ದಿನ ತವರಿಗೆ ಬಂದು ಬಾಯಿಬಿಟ್ಟು ಕೇಳಿದೀಯ. ಇಲ್ಲ ಅನ್ನಕ್ಕಾಗ್ತದಾ, ತಗೊಂಡ್ಹೋಗು. ಬರೋದ್ ಬಿಟ್ಟು ಆಚೆ ಭಾನುವಾರ ಬಾ, ನಿಮ್ ಭಾವ ಕುರಿ ಸಂತೆಗೆ ಹೋಗಿರ್ತಾರೆ."

ಇಷ್ಟು ಸುಲಭವಾಗಿ ಒಪ್ಪುತ್ತಾಳೆ ಅಂದುಕೊಂಡಿರಲಿಲ್ಲ. ಭಾವನಿಗೆ ತೊಂದರೆ ಕೊಡುವುದು ಬೇಡವೆಂದು ಅವರಿಲ್ಲದ ದಿನ ಹೇಳಿರಬೇಕು.

ಸೆಪ್ಟೆಂಬರ್ 7, ಭಾನುವಾರ

ಪೈಪು ಸಿಕ್ಕಿತು. ಕೈಯೆಲ್ಲ ತುಕ್ಕು, ಎರಡು ಸಲ ಸೋಪು ಹಾಕಿದರೂ ಹೋಗಿಲ್ಲ.

ಕಡೂರಿನಿಂದ ಮೋಟಾರು ಎತ್ತುವ ಮಂಜಪ್ಪನವರನ್ನು ಕರೆದುಕೊಂಡು ಹೋಗಿದ್ದೆ. ಬೋರಿನ ಬಾಯಿ ಮೇಲೆ ಮೂರು ಕಾಲಿನ ಕಂಬ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಕ್ಲ್ಯಾಂಪು ಹಿಡಿಸಿ, ಇಬ್ಬರು ಎಳೆಯುತ್ತಾರೆ. ಒಂದು ಪೈಪು ಪೂರ್ತಿ ಮೇಲೆ ಬಂದ ಮೇಲೆ ಕೆಳಗಿನದಕ್ಕೆ ಕ್ಲ್ಯಾಂಪು ಹಾಕಿ, ಮೇಲಿನದನ್ನು ತಿರುಚಿ ಬಿಚ್ಚುತ್ತಾರೆ. ಮುನ್ನೂರರವತ್ತಡಿ ಕಬ್ಬಿಣ, ಅದರ ತುದಿಯಲ್ಲಿ ಮೋಟಾರು, ಎಲ್ಲದರ ಭಾರ ಆ ಒಂದು ಹಿಡಿತದಲ್ಲಿ.

ಎರಡು ಬಿಚ್ಚಿದ ಮೇಲೆ ಮಂಜಪ್ಪ ನಿಲ್ಲಿಸಿದರು. "ಎರಡಾಯ್ತಲ್ಲ ಮೇಡಂ. ಉಳಿದಿದ್ದು ಹಿಂಗೇ ಕ್ಲ್ಯಾಂಪಲ್ಲಿ ನಿಲ್ಲಿಸ್ಬಿಡ್ತೀನಿ. ಮೋಟ್ರು ನಲವತ್ತಡಿ ಮ್ಯಾಲಕ್ ಬಂದಿರ್ತದೆ ಅಷ್ಟೆ, ಏನ್ ತೊಂದ್ರಿಲ್ಲ."

ನಾನು ಸ್ಪ್ಯಾನರಿನಿಂದ ಎರಡೂ ಪೈಪು ಬಡಿದು ನೋಡಿದೆ. ಹೊರಗೆಲ್ಲ ತುಕ್ಕಿನ ಗುಳಿ. ಒಂದು ಸ್ವಲ್ಪ ಬಾಗಿತ್ತು ಕೂಡ. ಕೆಳಗಿನವು ಚೆನ್ನಾಗಿರಬಹುದು, ಇನ್ನು ನಾಲ್ಕೈದು ಎತ್ತಿ, ನೋಡಿ ಆರಿಸುತ್ತೇನೆ ಎಂದೆ.

"ಸೀರೆ ಆರ್ಸಿದಂಗೆ ಆರ್ಸ್ತೀರಲ್ಲ ಮೇಡಂ" ಎಂದು ಮಂಜಪ್ಪ ನಕ್ಕರು. ಅಕ್ಕನ ಕಡೆ ತಿರುಗಿದರು. ಅಕ್ಕ ಬೇಲಿಯ ಹತ್ತಿರ ನಿಂತಿದ್ದಳು. "ಅವ್ಳು ಹೇಳ್ದಂಗ್ ಮಾಡಪ್ಪ" ಎಂದಳು.

ಐದನೆಯದೂ ಆರನೆಯದೂ ನಿಜಕ್ಕೂ ಚೆನ್ನಾಗಿದ್ದವು. ನೇರ, ಗೋಡೆ ದಪ್ಪ, ಬಡಿದರೆ ಗಂಟೆಯ ಸದ್ದು. ಅಷ್ಟರಲ್ಲಿ ಏಳನೆಯದನ್ನು ಎಳೆಯುತ್ತಿದ್ದರು. ಕಪ್ಲಿಂಗಿನ ಹತ್ತಿರ ತಿರುಪಿನ ಹಲ್ಲು ಸವೆದಿತ್ತೋ ಏನೋ, ಪಟ್ಟನೆ ಕಿತ್ತುಕೊಂಡು ಉಳಿದದ್ದೆಲ್ಲ ಮೋಟಾರಿನ ಸಮೇತ ಒಳಗೆ ಬಿತ್ತು. ನೆಲ ಅದುರಿತು. ಬೋರಿನ ಬಾಯಿಂದ ಬಹಳ ಹೊತ್ತು ಧೂಳು ಬರುತ್ತಿತ್ತು.

ಯಾರಿಗೂ ಪೆಟ್ಟಾಗಲಿಲ್ಲ, ಅದೇ ಸಮಾಧಾನ. "ಹೋಗ್ಲಿ ಬಿಡ್ರಿ, ಸತ್ತಿದ್ ಬೋರು" ಎಂದರು ಮಂಜಪ್ಪ. ನಾನೂ ಅದನ್ನೇ ಹೇಳಿದೆ. ಅಕ್ಕ ಒಂದು ಚಪ್ಪಡಿ ಕಲ್ಲು ಎಳೆತಂದು ಬಾಯಿಗೆ ಮುಚ್ಚಿ, ಎಲ್ಲರಿಗೂ ಟೀ ಮಾಡಲು ಹೋದಳು.

ಸೆಪ್ಟೆಂಬರ್ 21, ಭಾನುವಾರ

ಕಂಬ ನಿಂತಿತು. ಬುಡಕ್ಕೆ ಕೀಲು ಕೊಟ್ಟು, ಮಲಗಿಸಿಟ್ಟು, ಹಗ್ಗ ಹಿಡಿದು ಆರು ಜನ ಎಬ್ಬಿಸಿದರು. ನಲವತ್ತಡಿಯಲ್ಲಿ ಒಂದು ಅಂಗುಲ ಕೂಡ ಓರೆಯಿಲ್ಲ, ತೂಗುಗುಂಡು ಬಿಟ್ಟು ನೋಡಿದೆ. ಬೆಳ್ಳಿ ಬಣ್ಣ ಬಳಿಸಿದ್ದೇನೆ. ರೈಲು ನಿಲ್ದಾಣದಿಂದಲೇ ಕಾಣುತ್ತದಂತೆ. "ಇನ್ ಮೇಲೆ ನಮ್ಮನೆ ವಿಳಾಸಕ್ಕೆ ಪಿನ್‌ಕೋಡ್ ಬೇಡ" ಎಂದರು ರಾಜಶೇಖರ್.

ಅಕ್ಕನಿಗೆ ಫೋಟೋ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

ಅಕ್ಟೋಬರ್ 5, ಭಾನುವಾರ

ಮೊದಲ ಹಾಜರಿ ಕರೆದೆ. ಮೂವತ್ತೇಳು ಜನ. ಕೇರಳದ ಕೊಲ್ಲಂನವರು ಪಕ್ಕದಲ್ಲಿ ಕೂತು ಮಾತಾಡಿದ ಹಾಗಿದೆ ಎಂದರು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಅವರು ಹೇಳುವುದನ್ನು ಮುಗಿಯುವವರೆಗೆ ಕೇಳಿ, ಸರಿಯಾಗಿ ಕೇಳಿಸಿತೆಂದು ತಿಳಿಸಿ, ಆಮೇಲೆ ಮುಂದಿನವರು. ಈ ಶಿಸ್ತು ನನಗೆ ತುಂಬ ಹಿಡಿಸುತ್ತದೆ.

ಸಂಜೆಯವರೆಗೂ ಖುಷಿಯಾಗಿದ್ದೆ. ದಿನವಿಡೀ ಮಳೆ.

ಅಕ್ಟೋಬರ್ 23, ಗುರುವಾರ

ದೀಪಾವಳಿಯ ಮೂರೂ ದಿನ ಮಳೆ. ಯಗಟಿ ಕಡೆಗೂ ಜೋರಂತೆ. ಹೋಗಲಾಗಲಿಲ್ಲ. ಅಕ್ಕ ಕೂಡ ಬಾ ಎನ್ನಲಿಲ್ಲ.

ನವೆಂಬರ್ 9, ಭಾನುವಾರ

ನೆಟ್ ಮುಗಿಸುತ್ತಿದ್ದಂತೆ ಅಕ್ಕನ ಫೋನು. "ಕೆರೆ ಕೋಡಿ ಬಿತ್ತು ಕಣೇ. ಊರೋರೆಲ್ಲ ಅಲ್ಲೇ ಅವ್ರೆ. ಅಪ್ಪ ಇದ್ದಾಗ ಬಿದ್ದಿದ್ದು, ಅದ್ಬಿಟ್ರೆ ಈಗ್ಲೇ." ಗಾಳಿ, ನೀರಿನ ಸದ್ದು, ಹೆಂಗಸರ ಗಲಾಟೆ. ಅವಳ ದನಿ ಎಳೆಯ ಹುಡುಗಿಯ ದನಿಯ ಹಾಗಿತ್ತು.

ನನಗೂ ಸಂತೋಷವಾಯಿತು. ಫೋನು ಇಟ್ಟ ಮೇಲೆ ಏನೋ ಒಂದು ಯೋಚನೆ ಬಂತು, ಅದನ್ನು ಮುಂದುವರಿಸಲಿಲ್ಲ. ಕೆರೆ ತುಂಬಿದ ಮಾತ್ರಕ್ಕೆ ಬೋರು ತುಂಬುವುದಿಲ್ಲ. ಇದನ್ನು ನಾನೇ ಅವಳಿಗೆ ವಿವರಿಸಿದ್ದೆ.

ಡಿಸೆಂಬರ್ 14, ಭಾನುವಾರ

ಯಗಟಿಯಲ್ಲಿ ಹಳೇ ಬೋರುಗಳಿಗೆ ನೀರು ಬಂದಿದೆ. ಕೆರೆಯ ಕೆಳಗಿನ ನಾಲ್ಕು ಹೊಲಗಳಲ್ಲಿ ಕಲ್ಲು ಕಟ್ಟಿ ದಾರ ಬಿಟ್ಟು ನೋಡಿದ್ದಾರೆ, ನಾಲ್ಕರಲ್ಲೂ ನೂರೆಪ್ಪತ್ತಡಿಗೆ ನೀರು. ಅಕ್ಕನ ಹೊಲ ಅವುಗಳ ನಡುವೆ ಇದೆ.

ಅಕ್ಕ ಹೇಳಲಿಲ್ಲ. ಮಂಜಪ್ಪ ಫೋನು ಮಾಡಿ ಹೇಳಿದರು. ಮಧ್ಯಾಹ್ನ ಅವರನ್ನೇ ಕರೆದುಕೊಂಡು ಹೋದೆ. ಭಾವ ಹೊಲದಲ್ಲೇ ಇದ್ದರು. "ಬಾರಮ್ಮ" ಎಂದರು, ಅಷ್ಟೇ. ಚಪ್ಪಡಿ ಸರಿಸಿ ಮಂಜಪ್ಪ ದಾರ ಬಿಟ್ಟರು. ನೂರಮೂವತ್ತಡಿಗೆ ದಾರ ಸಡಿಲವಾಯಿತು. ಎತ್ತಿ ಮತ್ತೆ ಬಿಟ್ಟರು. ಅಲ್ಲಿಗೇ. ಕಲ್ಲು ಮೇಲೆ ಬಂದಾಗ ಒಣ ಮಣ್ಣು ಅಂಟಿತ್ತು.

ಬಿದ್ದ ಪೈಪುಗಳು ನೆಟ್ಟಗೆ ನಿಂತಿವೆ, ಅವುಗಳ ಮೇಲೆ ಬೋರಿನ ಗೋಡೆ ಕುಸಿದು ಕೂತಿದೆ ಎಂದರು ಮಂಜಪ್ಪ. ನೀರು ಅಲ್ಲಿಂದ ನಲವತ್ತಡಿ ಕೆಳಗೆ.

ಭಾವ ಕಲ್ಲಿಗೆ ಅಂಟಿದ ಮಣ್ಣನ್ನು ಬೆರಳಲ್ಲಿ ತೆಗೆದು ಉಜ್ಜಿ ನೋಡಿದರು. ಅಕ್ಕನ ಕಡೆ ನೋಡದೆ, "ನೋಡ್ದೇನೇ" ಎಂದರು. ಅಕ್ಕ "ಹೂಂ" ಎಂದಳು.

ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ಯಾರೂ ನೋಡಲಿಲ್ಲ. ಯಾಕೆ ಎಂದು ಅರ್ಥವಾಗಲಿಲ್ಲ.

ಡಿಸೆಂಬರ್ 15, ಸೋಮವಾರ

ಎರಡು ಸಾಕು ಎಂದು ಮಂಜಪ್ಪ ಹೇಳಿದ್ದರು. ಎರಡಕ್ಕೆ ನಿಲ್ಲಿಸಿದ್ದರೆ ಉಳಿದ ಹದಿನಾರು ಪೈಪುಗಳ ತುದಿಯ ಮೋಟಾರು ಈಗ ನೀರಿನಲ್ಲಿ ಇರುತ್ತಿತ್ತು. ಸ್ವಿಚ್ಚು ಹಾಕಿದ್ದರೆ ಬಹುಶಃ ತಿರುಗುತ್ತಲೂ ಇತ್ತು. ತುಕ್ಕಿನ ಗುಳಿ ಇದ್ದ ಆ ಎರಡು ಪೈಪಿನಲ್ಲೂ ಕಂಬ ನಿಲ್ಲುತ್ತಿತ್ತು. ಬಣ್ಣದ ಕೆಳಗೆ ಯಾರಿಗೆ ಕಾಣಿಸುತ್ತಿತ್ತು?

ಡಿಸೆಂಬರ್ 28, ಭಾನುವಾರ

ಬೋರು ಕೊರೆಯುವ ಲಾರಿಯವರನ್ನು ಕರೆಸಿದ್ದೆ, ಗಾಳಿ ಬಿಟ್ಟು ಮಣ್ಣು ಎತ್ತಿಸಬಹುದೇ ಎಂದು ಕೇಳಲು. ಆತ ಬೋರಿನ ಹತ್ತಿರಕ್ಕೂ ಬರಲಿಲ್ಲ. "ಒಳಗೆ ಕಬ್ಬಿಣ ಐತಾ? ಹಂಗಾದ್ರೆ ಕೊರ್ಯೋ ಬಿಟ್ ಇಳ್ಸಲ್ಲ ಕಣಮ್ಮ. ಸಿಕ್ಕಾಕ್ಕೊಂಡ್ರೆ ನಂದೂ ಅಲ್ಲೇ ಹೋಯ್ತದೆ." ಮಂಜಪ್ಪ ಎರಡು ದಿನ ಕೊಕ್ಕೆ ಬಿಟ್ಟು ನೋಡಿದರು. ಮಣ್ಣು ಬಿಟ್ಟರೆ ಏನೂ ಸಿಗಲಿಲ್ಲ. ಹೊಸದು ಕೊರೆಸಿಕೊಡುತ್ತೇನೆ ಎಂದೆ. ಅಕ್ಕ, "ಅದನ್ನ ನಿಮ್ ಭಾವನ ಮುಂದೆ ಎತ್ಬೇಡ" ಎಂದಳು.

ಅಕ್ಕನಿಗೆ ಇಪ್ಪತ್ತೆಂಟು ತೆಂಗಿನ ಮರಗಳಿವೆ. ಅವಳೇ ಸಸಿ ಇಟ್ಟು ಬೆಳೆಸಿದ್ದು. ಬೋರು ಬತ್ತಿದ ವರ್ಷದಿಂದ ಅವಕ್ಕೆ ನೀರು ಪಕ್ಕದ ಹೊಲದ ಸಿದ್ದಪ್ಪನ ಆಳದ ಬೋರಿನಿಂದ. ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಎರಡು ಗಂಟೆ ಕಾಲ ಬಿಡುತ್ತಾರೆ. ಸಿದ್ದಪ್ಪ ಕೆಟ್ಟವರಲ್ಲ. ಬದುವಿನ ಮೇಲೆ ಮೊಬೈಲು ಹಿಡಿದು ಕೂತಿರುತ್ತಾರೆ, ಹೊತ್ತು ಮುಗಿದ ಕೂಡಲೇ ವಾಲ್ವು ತಿರುಗಿಸುತ್ತಾರೆ. ಏಳು ವರ್ಷ ಅಕ್ಕ ಇನ್ನೊಬ್ಬರ ನೀರಿಗೆ ಕಾದು ಕೂತದ್ದು, ತನ್ನ ಬೋರಿಗೆ ಬರುವವರೆಗೆ ಅಂತ. ಈಗ ಊರಿಗೆಲ್ಲ ಬಂದಿದೆ, ಅವಳಿಗೆ ಇಲ್ಲ.

ಇವತ್ತು ಅವಳ ಜೊತೆ ಸಗಣಿ ಬಾಚುತ್ತಿದ್ದಾಗ ಕೇಳಿದೆ, ಭಾವ ನನಗೆ ಒಂದು ಮಾತೂ ಬೈಯಲಿಲ್ಲವಲ್ಲ ಎಂದು.

"ನಿಂಗ್ಯಾಕ್ ಬೈತಾರೆ? ಪೈಪ್ ಎತ್ಸಿದ್ದು ನಾನು ಅಂತ ಹೇಳಿದೀನಿ. ಸುಮ್ನೆ ಬಿದ್ದಿದಾವಲ್ಲ ಅಂತ ನಾನೇ ಎತ್ಸಿದೆ, ಮೇಲ್ ಬಂದಿದ್ರಲ್ಲಿ ಎರಡು ನೀನ್ ತಗೊಂಡ್ಹೋದೆ ಅಂತ."

"ಯಾಕಕ್ಕಾ ಹಾಗೆ ಹೇಳಿದೆ?"

"ಇನ್ನೇನ್ ಹೇಳ್ಲಿ? ಅವರ್ನ ಒಂದ್ ಮಾತ್ ಕೇಳ್ಲಿಲ್ಲ ನೀನು. ಹೊರಗಿಂದ ಬಂದೋನು, ಇವ್ನನ್ನೇನ್ ಕೇಳದು ಅಂತ ನೀನು ಅಂದ್ಕಂಡೆ ಅಂತ ಅವ್ರಿಗ್ ಅನ್ಸಬಾರದು. ನಾನ್ ಕೇಳ್ದೆ ಮಾಡಿದ್ರೆ ಗಂಡ ಹೆಂಡ್ತಿ ಜಗಳ. ಮುಗೀತದೆ." ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಹೋದಳು.

ಮುಗಿದಿಲ್ಲ. ಭಾವ ನಾಲ್ಕು ತಿಂಗಳಿಂದ ಅವಳ ಕೈಯಿಂದ ಊಟ ಬಡಿಸಿಕೊಳ್ಳುವುದಿಲ್ಲವಂತೆ. ತಾವೇ ಹಾಕಿಕೊಂಡು ಜಗಲಿಗೆ ಹೋಗುತ್ತಾರೆ. ಇದನ್ನು ಇವತ್ತು ಕಣ್ಣಾರೆ ನೋಡಿದೆ.

ಜನವರಿ 4, ಭಾನುವಾರ

ನೆಟ್ ನಡೆಸಿದೆ. ಭಾವನಿಗೆ ನಿಜ ಹೇಳಬೇಕು. ಅಕ್ಕನನ್ನು ಕೇಳಿದರೆ ಬೇಡ ಎನ್ನುತ್ತಾಳೆ, ಅದಕ್ಕೆ ಕೇಳುವುದಿಲ್ಲ.

ಜನವರಿ 11, ಭಾನುವಾರ

ಹೇಳಿದೆ.

ಭಾವ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕೇಳಿದ್ದು ನಾನು, ಹಬ್ಬದ ದಿನ ಕೇಳಿದೆ, ಅಕ್ಕ ನಿಮ್ಮ ಹೆಸರು ಹೇಳಿ ಬೇಡ ಅನ್ನಲು ನೋಡಿದಳು, ನಾನು ಬಿಡಲಿಲ್ಲ, ಎರಡು ಬಂದ ಮೇಲೂ ಇನ್ನಷ್ಟು ಎತ್ತಿಸಿದ್ದು ನಾನು. ತಪ್ಪಾಯಿತು ಎಂದೆ.

ಅವರು ಸೊಪ್ಪು ಕಟ್ಟಿ ಮುಗಿಸಿದರು. "ಗೊತ್ತಿತ್ತು" ಎಂದರು. "ಅವಳಿಗ್ಯಾಕೆ ಪೈಪು? ಅವ್ಳು ಸುಳ್ಳು ಹೇಳ್ತಾವ್ಳೆ ಅಂತ ಮೊದಲ್ನೇ ದಿನಾನೇ ಗೊತ್ತಿತ್ತು. ಹೆಂಡ್ತಿ ಮಾಡಿದ್ಲು ಅಂತ ಸಿಟ್ ಮಾಡ್ಕಂಡು ಇದ್ನಲ್ಲ, ಅದು ಒಂಥರಾ ನಡೀತಿತ್ತು. ಇವತ್ತಲ್ಲ ನಾಳೆ ಬಿಡ್ತಿದ್ದೆ." ಉಳಿದ ಸೊಪ್ಪನ್ನು ಪಕ್ಕಕ್ಕೆ ಎಸೆದು, "ಈಗ ನೀವ್ ಬಂದು ಹೇಳಿದೀರ. ನಿಮ್ಮಪ್ಪ ಕೊರ್ಸಿದ್ ಬೋರು, ನೀವಿಬ್ರು ಎತ್ಸಿದೀರ. ನಂದೇನೈತೆ ಕೇಳಕ್ಕೆ" ಎಂದರು.

ಇಪ್ಪತ್ತೇಳು ವರ್ಷದಲ್ಲಿ ಅವರು ನನ್ನನ್ನು ಒಮ್ಮೆಯೂ ನೀವು ಎಂದು ಮಾತಾಡಿಸಿರಲಿಲ್ಲ.

ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಜೊತೆ ಬಸ್ಸಿನವರೆಗೆ ಬಂದಳು. ದಾರಿಯಲ್ಲಿ ಒಂದೇ ಮಾತು: "ಯಾಕ್ ಹೇಳಕ್ ಹೋದ್ಯೇ? ನಿನ್ ಮನಸ್ಸು ಹಗುರ ಆಗ್ಲಿ ಅಂತಾನಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಬಸ್ಸು ಬಂತು.

ಜನವರಿ 12, ಸೋಮವಾರ

ಹೌದು, ಅದಕ್ಕೇ ಹೇಳಿದೆ. ನಿನ್ನೆ ಹೊರಡುವಾಗ ಅವಳ ನೆಮ್ಮದಿಗಾಗಿ ಅಂದುಕೊಂಡಿದ್ದೆ. ಆದರೆ ಅವಳನ್ನು ಕೇಳಲಿಲ್ಲ.

ಜನವರಿ 18, ಭಾನುವಾರ

ಕಂಬ ಬಿಚ್ಚಿಸುತ್ತೇನೆ ಎಂದೆ ರಾಜಶೇಖರ್ ಹತ್ತಿರ. "ಬಿಚ್ಚಿ ಏನ್ ಮಾಡ್ತೀಯಾ? ಪೈಪು ವಾಪಸ್ ತಗೊಂಡ್ಹೋಗಿ ಅವರ ಬಾಗಿಲಿಗೆ ಒರಗಿಸ್ತೀಯಾ? ಇನ್ನೊಂದ್ ಸಲ ನೋಡ್ಲಿ ಅಂತ?" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಬಿಟ್ಟೆ.

ಫೆಬ್ರವರಿ 5, ಗುರುವಾರ

ಅಕ್ಕನ ಫೋನು, ಇಪ್ಪತ್ತೈದು ದಿನದ ಮೇಲೆ. ಭಾನುವಾರ ತರೀಕೆರೆಯಲ್ಲಿ ಭಾವನ ಕಡೆಯವರ ಮದುವೆ, ಇಬ್ಬರೂ ಹೋಗಲೇಬೇಕು. ಅವತ್ತೇ ಸಿದ್ದಪ್ಪನ ನೀರಿನ ಸರದಿ. "ಬೆಳಿಗ್ಗೆ ಐದೂವರೆಯಿಂದ ಏಳೂವರೆ. ಬಿಟ್ರೆ ಇನ್ನ ಮೂರ್ ದಿನ ಇಲ್ಲ. ನೀನ್ ಬತ್ತೀಯಾ, ಪಾತಿಗೆ ನೀರ್ ತಿರುಗ್ಸಕ್ಕೆ?"

ಬರುತ್ತೇನೆ ಎಂದೆ. ಆ ಹೊತ್ತಿನಲ್ಲಿ ನೆಟ್ ಇದೆ ಎಂದು ನೆನಪಾಗಿದ್ದು ಸಂಜೆ. ಕೊಲ್ಲಂನವರಿಗೆ ವಹಿಸಿದ್ದೇನೆ.

ಫೆಬ್ರವರಿ 8, ಭಾನುವಾರ

ನಿನ್ನೆ ಸಂಜೆಯೇ ಯಗಟಿಗೆ ಹೋದೆ. ಇವತ್ತು ಐದಕ್ಕೆ ಅವರಿಬ್ಬರೂ ಮದುವೆಗೆ ಹೊರಟರು. ಅಕ್ಕ ಹೋಗುವಾಗ ತೋರಿಸಿಕೊಟ್ಟಳು: ಕಾಲುವೆಯ ಕಡೆಯಿಂದ ಶುರು ಮಾಡು, ಪಾತಿ ತುಂಬಿದ ಮೇಲೆ ಮಣ್ಣು ಎಳೆದು ಮುಚ್ಚು, ಮುಂದಿನದನ್ನು ಒಡೆ. "ಇಪ್ಪತ್ತೆರಡಕ್ಕೆ ಆಗ್ತದೆ. ಮ್ಯಾಲ್ನೋವು ಆರು ಬಿಡು. ಅವಕ್ಕೆ ಸಂಜೆ ಬಂದು ನಾನು ಕೊಡದಲ್ಲಿ ಹೊಯ್ತೀನಿ."

ಗುದ್ದಲಿ ಹಿಡಿದು ಎಷ್ಟು ವರ್ಷವಾಗಿತ್ತೋ. ಮೊದಲ ನಾಲ್ಕು ಪಾತಿಯಲ್ಲಿ ನೀರು ಪೋಲಾಯಿತು. ಆಮೇಲೆ ಕೈ ಹತ್ತಿತು. ಸಿದ್ದಪ್ಪ ಬದುವಿನ ಮೇಲೆ ಟವೆಲು ಹೊದ್ದು ಕೂತಿದ್ದರು. ಅರವತ್ತೈದರ ಮೇಲಿನ ಮನುಷ್ಯ, ಅಪ್ಪನನ್ನು ಬಲ್ಲವರು.

ಇಪ್ಪತ್ತೆರಡನೆಯದು ತುಂಬುತ್ತಿದ್ದಾಗ ಅವರು ಎದ್ದರು. ಮೇಲಿನ ಆರು ಮರಗಳನ್ನು ನೋಡಿದೆ. ಪಾತಿಗಳ ಮಣ್ಣು ಬಿರುಕು ಬಿಟ್ಟಿತ್ತು. ಸಂಜೆ ಅಕ್ಕ ಮದುವೆ ಸೀರೆ ಬಿಚ್ಚಿಟ್ಟು, ಹೊಲದ ಕೆಳಗಿನ ದನದ ತೊಟ್ಟಿಯಿಂದ ಅಲ್ಲಿಗೆ ಕೊಡ ಹೊತ್ತು ಏರಬೇಕು. ಅವಳಿಗೀಗ ಐವತ್ತೊಂದು.

"ಸಿದ್ದಪ್ಪಣ್ಣ, ಇನ್ನೊಂದು ಕಾಲು ಗಂಟೆ ಬಿಡ್ತೀರಾ? ಆರೇ ಮರ" ಎಂದೆ.

ಅವರು ವಾಲ್ವಿನ ಮೇಲೆ ಕೈ ಇಟ್ಟುಕೊಂಡೇ ನನ್ನನ್ನು ನೋಡಿದರು. "ನಿಮ್ಮಕ್ಕ ಏಳು ವರ್ಷದಾಗೆ ಒಂದ್ ದಿನಾನೂ ಹಿಂಗ್ ಕೇಳಿಲ್ಲ ಕಣವ್ವ" ಎಂದರು. ಸಿಟ್ಟಿನಿಂದಲ್ಲ. "ನಾನ್ ಬೇಕಂತ್ಲೇ ಕಾಯ್ತಿದ್ದೆ, ಕೇಳ್ತಾಳೇನೋ ಅಂತ. ಕೇಳಿದ್ರೆ ಬಿಡ್ತಿದ್ದೆ. ಅವಳು ಕೇಳ್ಲಿಲ್ಲ." ವಾಲ್ವು ಬಿಟ್ಟು ಹೋಗಿ ಬದುವಿನ ಮೇಲೆ ಮತ್ತೆ ಕೂತರು. "ತಿರುಗ್ಸ್ಕೊ. ನಿಧಾನಕ್ಕೆ."

ಬೇಡ ಎನ್ನಬಹುದಿತ್ತು. ನೀರು ಆಗಲೇ ಹರಿಯುತ್ತಿತ್ತು. ಆರಕ್ಕೂ ತಿರುಗಿಸಿದೆ.

ಸಂಜೆ ಅಕ್ಕ, ಭಾವ ಬಂದರು. ಅಕ್ಕ ಸೀರೆ ಬದಲಿಸಿ, ಕೊಡ ತೆಗೆದುಕೊಂಡು ಹೊಲಕ್ಕೆ ಹೋದಳು. ನಾನು ಹಿಂದೆ ಹೋದೆ. ಮೇಲಿನ ಮೊದಲ ಮರದ ಹತ್ತಿರ ನಿಂತಳು. ಬಗ್ಗಿ ಪಾತಿಯ ಒದ್ದೆ ಮಣ್ಣು ಮುಟ್ಟಿದಳು. ಎರಡನೆಯದು, ಮೂರನೆಯದು. ಆರನ್ನೂ ಮುಟ್ಟಿ ನೋಡಿದಳು. ಆಮೇಲೆ ತಲೆಯೆತ್ತಿ ಸಿದ್ದಪ್ಪನ ಹೊಲದ ಕಡೆಗೆ ನೋಡಿದಳು, ಬಹಳ ಹೊತ್ತು.

ಕಾಲು ಗಂಟೆ ನೀರು ನಾನೇ ಕೇಳಿದ್ದನ್ನು ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ. ಹೇಳಲಿಲ್ಲ.

ಅವಳೂ ಕೇಳಲಿಲ್ಲ. ಖಾಲಿ ಕೊಡವನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದಳು.